ನೀರುಗಂಟಿಯ ಸೈಕಲ್ಲು

“ನಾಲೆ ಏರಿ ಮ್ಯಾಲೆಲ್ಲಾ ಸಮಕ್ಕೈತೆ. ಅಲ್ಲಿಗೆ ಹಿಂದ್ಗಡೆ ಸಣ್ಣ ಹಲ್ಲುಚಕ್ರವೇ ಸರಿ ಕಣ್ಲಾ, ತುಳಿದಂಗೆಲ್ಲಾ ಓಡ್ತದೆ. ದೊಡ್ಡದು ತುಳಿಯಾಕೆ ಅಗುರ, ಆದ್ರೆ ಅದು ದಿಬ್ಬ ಅತ್ತೋ ಮುದುಕ್ರಿಗೆ,” ಎಂದು ಚಿನಕುರಳಿಯ ಸೈಕಲ್ ಶಾಪಿನ ಅಂದಾನಯ್ಯ ನಕ್ಕ.

ನೀರುಗಂಟಿ ಮರಿಸ್ವಾಮಿ ನಗಲಿಲ್ಲ. ನಾಲೆಗೆ ನೀರು ಬಂದ ವರ್ಷದಿಂದ ಊರಿಗೆ ಚಳಿಜ್ವರವೂ ಬಂದಿತ್ತು. ಮಳೆಗಾಲವಿಡೀ ಅವನೂ ಹಾಸಿಗೆ ಹಿಡಿದಿದ್ದ. “ದೊಡ್ಡದೇ ಆಕಣ್ಣ. ಸ್ವಾಮಾರದಿಂದ ತೂಬು ನೋಡಕೆ ಓಗ್ದಿದ್ರೆ ಓವರ್ಸೀರು ಬ್ಯಾರೆಯವನ್ನ ಇಟ್ಕತಾರೆ.”

ಅಂದಾನಯ್ಯ ಅಂಗಡಿಯಲ್ಲಿದ್ದುದರಲ್ಲೇ ಅತಿ ದೊಡ್ಡದನ್ನು ಹಾಕಿ, ಚೈನು ಕೂರಿಸಿ ಕೊಟ್ಟ. ಮರಿಸ್ವಾಮಿ ಹತ್ತಿ, ಸಮವಾದ ರಸ್ತೆಯಲ್ಲಿ ಪಕ್ಕದ ಮನೆಯವರೆಗೆ ತುಳಿದ. ಅಲ್ಲಿ ಕಾಲೂರಿ, ಹ್ಯಾಂಡಲ್ಲಿನ ಮೇಲೆ ಹಣೆಯಿಟ್ಟು ಸ್ವಲ್ಪ ಹೊತ್ತು ನಿಂತ.

“ಅಣ್ಣ,” ಎಂದ, “ಇದ್ಕಿಂತ ದೊಡ್ಡದು ಇಲ್ವಾ?”