'ಬಾ' ಅನ್ನುವವರೆಗೆ

ವೆಂಡೆಲ್ ಬೀಸಿದ ಪುಲಾಸ್ಕಿ ಮರೀಬೆಲ್‌ಳ ಮೊಣಕಾಲಿನಿಂದ ನಾಲ್ಕೇ ಬೆರಳು ದೂರದಲ್ಲಿ ನೆಲಕ್ಕೆ ಕಚ್ಚಿಕೊಂಡಿತು. ಒಂದು ಬದಿ ಕೊಡಲಿ, ಇನ್ನೊಂದು ಬದಿ ಗುದ್ದಲಿ ಇರುವ ಹತಾರ ಅದು. ತಾಗಿದ್ದರೆ ಕಾಲಿನ ಆಸೆ ಬಿಡಬೇಕಿತ್ತು. ಹುಡುಗಿ ಅಪ್ಪಿಕೊಂಡು ತಂದಿದ್ದ ಕಲ್ಲು ದೊಪ್ಪೆಂದು ಕೆಳಗೆ ಬಿತ್ತು.

"ಕಣ್ಣು ಕಾಣ್ಸಲ್ವಾ ನಿಂಗೆ?" ವೆಂಡೆಲ್ ಕಿರುಚಿದ. ಅವನ ಜೀವ ಬಾಯಿಗೆ ಬಂದಿತ್ತು.

"ಮೂರು ಸಲ ಕೂಗಿದೆ! 'ಹಿಂದೆ ಬರ್ತಿದೀನಿ' ಅಂತ ಗಂಟಲು ಹರ್ಕೊಂಡೆ. ನಿಮ್ದು ಯಾವಾಗ್ಲೂ ಇದೇ, ಸಾರ್ಜೆಂಟ್. ಮಾತಾಡ್ಸಿದ್ರೆ ಉತ್ತರ ಇಲ್ಲ, ಮುಖ ಮಾತ್ರ ಗಂಟು!"

ಇಡಾಹೋದ ಆ ಸರ್ಕಾರಿ ಕಾಡಿನಲ್ಲಿ ಕಾಲುದಾರಿಗೆ ಕಲ್ಲಿನ ಮೆಟ್ಟಿಲು ಕಟ್ಟುತ್ತಿದ್ದ ತಂಡದಲ್ಲಿ ಆರು ಜನ. ನಾಲ್ವರು ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರು, ವೆಂಡೆಲ್ ಸೇರಿ ಇಬ್ಬರು ಸೈನ್ಯದಿಂದ ನಿವೃತ್ತರಾಗಿ ಬಂದವರು. ಮೊದಲ ದಿನವೇ ಅವರಿಗೆ ಬಾಯಿಪಾಠ ಮಾಡಿಸಿದ ನಿಯಮ ಒಂದಿತ್ತು. ಹತಾರ ಬೀಸುತ್ತಿರುವವರ ಹಿಂದೆ ದಾಟಬೇಕಾದರೆ ಕೂಗಬೇಕು, ಅವರು ಕೈ ನಿಲ್ಲಿಸಿ 'ಬಾ' ಅನ್ನಬೇಕು, ಆಮೇಲೇ ಹೆಜ್ಜೆ.

ಗಲಾಟೆ ಕೇಳಿ ಮೇಸ್ತ್ರಿ ಹ್ಯಾಟಿ ಏದುಸಿರು ಬಿಡುತ್ತಾ ಬಂದಳು. ಇಪ್ಪತ್ತನಾಲ್ಕರ ಹುಡುಗಿಯಾದರೂ ಕೆಲಸದ ಜಾಗದಲ್ಲಿ ಅವಳ ಮಾತಿಗೆ ಎದುರಿಲ್ಲ.

"ಮರೀಬೆಲ್, ಹೋದ ವಾರ ಹೆಲ್ಮೆಟ್ ಇಲ್ದೆ ಬಂಡೆ ಕೆಳಗೆ ನಿಂತಾಗ್ಲೇ ಏನು ಹೇಳಿದ್ದೆ? ಇನ್ನೊಂದು ತಪ್ಪಾದ್ರೆ ಶುಕ್ರವಾರದ ವ್ಯಾನಲ್ಲಿ ವಾಪಸ್ ಅಂತ ತಾನೇ?"

"ಕೂಗಿದೀನಿ ಹ್ಯಾಟಿ, ದೇವ್ರಾಣೆ!"

ಹ್ಯಾಟಿ ವೆಂಡೆಲ್ ಕಡೆ ತಿರುಗಿದಳು. "ನೀವು ಹೇಳಿ. ಇವಳು ಕೂಗಿದ್ದು ಕೇಳಿಸ್ತಾ?"

ಇಲ್ಲ ಅಂದುಬಿಟ್ಟರೆ ಸಾಕಿತ್ತು. ಸುಳ್ಳೂ ಅಲ್ಲ. ಹುಡುಗಿ ವ್ಯಾನ್ ಹತ್ತುತ್ತಿದ್ದಳು, ಅವನ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ಇರಾಕಿನ ರಸ್ತೆಯೊಂದರಲ್ಲಿ ಮುಂದಿನ ಲಾರಿ ಸಿಡಿದ ದಿನವೇ ಅವನ ಎಡಗಿವಿ ಹೋಗಿತ್ತು. ಇಲ್ಲಿ ಬಲಕ್ಕೆ ಪ್ರಪಾತ, ಅದರ ತಳದಲ್ಲಿ ಭೋರ್ಗರೆಯುವ ಹೊಳೆ. ಇದ್ದೊಂದು ಕಿವಿಯನ್ನೂ ಅದರ ಸದ್ದೇ ತುಂಬಿಕೊಂಡಿತ್ತು. ಈ ಕೆಲಸದ ಅರ್ಜಿಯಲ್ಲಿ ಅವನು ಕಿವಿ ಸರಿಯಿದೆ ಎಂದು ಬರೆದಿದ್ದ. ಬರೆಯದೆ ಇನ್ನೇನು ಮಾಡುತ್ತಾನೆ ಪಾಪ? ತಂಗಿಯ ಮನೆಯ ನೆಲಮಾಳಿಗೆಯಲ್ಲಿ, ಸೋಫಾದ ಮೇಲೆ ಎರಡು ವರ್ಷ ಬಿದ್ದುಕೊಂಡಿದ್ದವನು. ಬೆಳಿಗ್ಗೆ ಏಳಬೇಕು ಅಂತ ಅವನಿಗೆ ಮತ್ತೆ ಅನ್ನಿಸತೊಡಗಿದ್ದೇ ಈ ಕಾಡಿಗೆ ಬಂದ ಮೇಲೆ.

ಮರೀಬೆಲ್ ತುಟಿ ಕಚ್ಚಿಕೊಂಡು ನಿಂತಿದ್ದಳು. ಅವಳದು ಬಾಯಿ ಜಾಸ್ತಿ, ನಿಜ. ಆದರೆ ದಿಕ್ಕಿಲ್ಲದ ಮಕ್ಕಳನ್ನು ಸರ್ಕಾರ ಇರಿಸುವ ಸಾಕುಮನೆಯಿಂದ, ಹದಿನೆಂಟು ತುಂಬಿದ ದಿನ ಹೊರಬಿದ್ದವಳು. ಆ ವ್ಯಾನ್ ತನ್ನನ್ನು ಯಾವ ಮನೆ ಮುಂದೆ ಇಳಿಸಬೇಕು ಅನ್ನುವುದು ಅವಳಿಗೇ ಗೊತ್ತಿರಲಿಲ್ಲ.

"ಕೂಗಿರ್ತಾಳೆ," ಎಂದ ವೆಂಡೆಲ್. "ನಂಗೇ ಕೇಳ್ಸಿಲ್ಲ. ಎಡಗಿವಿ ಸತ್ತು ಹದಿನೈದು ವರ್ಷ ಆಯ್ತು. ಅರ್ಜೀಲಿ ಸುಳ್ಳು ಬರ್ದಿದ್ದೆ. ವ್ಯಾನ್ ಹತ್ಬೇಕಾದೋನು ನಾನು, ಅವಳಲ್ಲ."

ಹೆಲ್ಮೆಟ್ ತೆಗೆದು ಕಲ್ಲಿನ ಮೇಲಿಟ್ಟು, ಅವನು ಡೇರೆ ಕಡೆ ನಡೆದೇಬಿಟ್ಟ. ಮರೀಬೆಲ್ ಓಡಿಹೋಗಿ ಅವನಿಗೆ ಅಡ್ಡ ನಿಂತಳು.

"ಅಯ್ಯೋ, ನಿಲ್ರೀ ಸ್ವಲ್ಪ! ಹ್ಯಾಟಿ, ಇವ್ರು 'ಬಾ' ಅನ್ಲಿಲ್ಲ. ಅನ್ದೇನೇ ಕಾಲಿಟ್ಟಿದ್ದು ನಾನು. ಮುಖ ಗಂಟಿಕ್ಕೊಂಡಿದಾರೆ, ಏನಾದ್ರೂ ಮಾಡ್ಕೊಳ್ಲಿ ಅಂತ ನುಗ್ಗಿದೆ. ತಪ್ಪು ನಂದು."

ಹ್ಯಾಟಿ ಸೊಂಟದ ಮೇಲೆ ಕೈಯಿಟ್ಟು ಇಬ್ಬರನ್ನೂ ನೋಡಿದಳು. "ಚೆನ್ನಾಗಿದೆ ಕಣ್ರಪ್ಪಾ. ಮನೆಗೆ ಹೋಗೋಕೆ ಇಬ್ರಿಗೂ ಪೈಪೋಟಿ! ಮೆಟ್ಟಿಲು ಏನು ಕರಡಿಗಳು ಬಂದು ಕಟ್ತವಾ? ವೆಂಡೆಲ್, ಕಿವಿ ವಿಷಯ ಕಚೇರಿಗೆ ಹೇಳ್ಲೇಬೇಕು, ಹೇಳ್ತೀನಿ. ಆದ್ರೆ ಒಂದು ಕಿವಿ ಇಲ್ಲ ಅಂತ ಇವತ್ತಿನವರೆಗೆ ಯಾರನ್ನೂ ವಾಪಸ್ ಕಳ್ಸಿಲ್ಲ ನಾವು. ಸುಳ್ಳು ಬರ್ದಿದ್ದಕ್ಕೆ ಒಂದು ವಾರ ಪಾತ್ರೆ ತೊಳೀರಿ. ಮರೀಬೆಲ್, ನೀನು ಒರೆಸು. ಇನ್ಮೇಲೆ ಇವ್ರು ತಿರುಗಿ ನೋಡಿ 'ಬಾ' ಅನ್ನೋವರ್ಗೂ ಒಬ್ರೂ ಹೆಜ್ಜೆ ಎತ್ತೋ ಹಾಗಿಲ್ಲ."

ಇಷ್ಟೇನಾ? ನಾಲ್ಕು ತಿಂಗಳು ಎದೆಯಲ್ಲಿಟ್ಟುಕೊಂಡು ಒದ್ದಾಡಿದ್ದು ಇಷ್ಟಕ್ಕೇನಾ? ವೆಂಡೆಲ್‌ಗೆ ಅಳು ಬಂತು. ಬೂಟಿನ ದಾರ ಸರಿಯಾಗಿಯೇ ಇತ್ತು. ಆದರೂ ಬಗ್ಗಿ ಬಿಚ್ಚಿ ಮತ್ತೆ ಕಟ್ಟಿದ. ಆಮೇಲೆ ಹೆಲ್ಮೆಟ್ ಹಾಕಿಕೊಂಡ.

ಮಧ್ಯಾಹ್ನ ಊಟವಾದ ಮೇಲೆ ಅದೇ ಜಾಗದಲ್ಲಿ ಪೈನ್ ಮರದ ಬೇರೊಂದು ಅವನನ್ನು ಬಹಳ ಹೊತ್ತು ಸತಾಯಿಸಿತು. ಕೊನೆಗೂ ಅದನ್ನು ಕಡಿದು ಹಾಕಿ, ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾ ಹಿಂತಿರುಗಿ ನೋಡಿದ.

ಹತ್ತು ಹೆಜ್ಜೆ ಕೆಳಗೆ ಮರೀಬೆಲ್ ನಿಂತಿದ್ದಳು. ಎದೆಗೊತ್ತಿ ಹಿಡಿದ ಕಲ್ಲು ಬೆಳಗಿನದಕ್ಕಿಂತ ದೊಡ್ಡದು. ತೋಳು ನಡುಗುತ್ತಿತ್ತು, ಮುಖ ಕೆಂಪಾಗಿತ್ತು.

"ಎಷ್ಟು ಹೊತ್ತಾಯ್ತೇ ನಿಂತು?"

"ಈಗ ತಾನೇ ಬಂದೆ, ಸಾರ್ಜೆಂಟ್."

ಅವಳ ಗಲ್ಲದಿಂದ ತೊಟ್ಟಿಕ್ಕಿದ ಬೆವರಿಗೆ ಕಲ್ಲು ಅಂಗೈಯಗಲ ಒದ್ದೆಯಾಗಿತ್ತು.

ವೆಂಡೆಲ್ ಪುಲಾಸ್ಕಿಯನ್ನು ಕೆಳಗಿಟ್ಟು, ಎರಡೂ ಕೈ ಚಾಚಿದ.

"ಬಾ," ಎಂದ.