ಒದ್ದೆ ಸೊಪ್ಪು

"ಎಷ್ಟು ಜನಾನ ಹೊಡ್ದೆಯಪ್ಪ ಅಲ್ಲಿ?" ಎಂದು ಎದುರುಮನೆಯ ಪೆದ್ದಮ್ಮ ಕೇಳಿದ್ದೇ ತಡ, ಮೋಹನ್‌ಬಾಬು ಕಾಫಿ ಲೋಟ ಕೆಳಗಿಟ್ಟು ಹಿತ್ತಲಿನ ಹುಳದ ಮನೆಗೆ ನಡೆದುಬಿಟ್ಟ. ಗಡಿಯ ಕಾಳಗ ಮುಗಿಸಿ, ಮಿಲಿಟರಿ ಬಿಟ್ಟು ಮೇಲೂರಿಗೆ ಬಂದಾಗಿನಿಂದ ಇದೇ ಕಥೆ. ರೇಷ್ಮೆ ಹುಳಕ್ಕೆ ರೋಗ ತಗಲೀತೆಂದು ಹೊರಗಿನವರು ಯಾರೂ ಆ ಹೊಸ್ತಿಲಿನ ಸುಣ್ಣದ ಪುಡಿ ದಾಟುವಂತಿಲ್ಲ. ಅವನಿಗೆ ಅಷ್ಟೇ ಬೇಕಿತ್ತು.

ಹೆಂಡತಿ ಕವಿತ ಒಳಗೊಳಗೇ ಕುದಿಯುತ್ತಿದ್ದಳು. ಊರವರು ಹಾಳಾಗಲಿ, ತಾನೇನು ಹೊರಗಿನವಳೇ? ಅವಳು ಕೇಳಿದ್ದೂ ಕಮ್ಮಿಯಲ್ಲ. ಅಲ್ಲೇನಾಯ್ತು, ಯಾಕೆ ಮಂಕಾಗಿದ್ದೀರಿ, ನನ್ನ ಮೇಲೆ ಕೋಪವಾ? ಎಲ್ಲದಕ್ಕೂ ಒಂದೇ ಉತ್ತರ, "ಏನಿಲ್ಲ." ಗಂಡ ಮನೆಗೆ ಬಂದ, ಅವನ ಮಾತು ಅಲ್ಲೇ ಉಳಿಯಿತೇನೋ ಎಂದು ಅವಳಿಗೆ ಭಯವಾಗುತ್ತಿತ್ತು.

"ಕೇಳ್ಬೇಡ ಕಣಮ್ಮ," ಎಂದರು ಮಾವ ಮುನಿಶಾಮಪ್ಪ. "ಹೋಗು, ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು."

ಅವಳು ಸಿಡುಕಿನಲ್ಲೇ ತೋಟಕ್ಕೆ ಹೋಗಿ ಹಿಪ್ಪುನೇರಳೆ ಸೊಪ್ಪಿನ ಹೊರೆ ತಂದಳು. ಆಗಷ್ಟೇ ತುಂತುರು ನಿಂತಿದ್ದು ಅವಳ ಗಮನಕ್ಕೇ ಬಂದಿರಲಿಲ್ಲ. ಮುಖ ಬಿಗಿದುಕೊಂಡು ಹುಳಗಳ ಮೇಲೆ ಹರಡತೊಡಗಿದಳು.

"ಏಯ್! ಏನೇ ಮಾಡ್ತಿದ್ದೀಯ? ಒದ್ದೆ ಸೊಪ್ಪು ಹಾಕ್ತಾರಾ ಯಾರಾದ್ರೂ? ಹುಳ ಎಲ್ಲಾ ಸತ್ತೋಗ್ತವೆ! ತೆಗಿ, ತೆಗಿ!"

ಕವಿತ ಕಣ್ಣುಕಣ್ಣು ಬಿಟ್ಟಳು. ಗಂಡನ ಅದೇ ಗಂಟಲು, ಮದುವೆಯಾದ ಹೊಸದರಲ್ಲಿ ಕೇಳಿದ್ದ ಅದೇ ಸಿಟ್ಟು. ಬೈಸಿಕೊಂಡು ಇಷ್ಟು ಸುಖ ಅವಳು ಎಂದೂ ಪಟ್ಟಿರಲಿಲ್ಲ.

ಇಬ್ಬರೂ ನೆಲದ ಮೇಲೆ ಕೂತು ಟವೆಲ್ಲಿನಲ್ಲಿ ಎಲೆ ಒರೆಸತೊಡಗಿದರು. ಕೈ ಕೆಲಸದಲ್ಲಿತ್ತು, ಕಣ್ಣು ಎಲೆಯ ಮೇಲಿತ್ತು. ಸ್ವಲ್ಪ ಹೊತ್ತಿಗೆ ಅವನೇ ಬಾಯಿಬಿಟ್ಟ. "ಗದಗದೋನು ಒಬ್ಬ ನಮ್ ಜೊತೆಗಿದ್ದ ಕಣೇ. ಗುಂಡು ತಗಲಿ ಆಚೆ ಬಿದ್ದಿದ್ದ. ನೀರು ನೀರು ಅಂತಿದ್ದ. ಹತ್ರ ಹೋಗಕ್ಕಾಗ್ಲಿಲ್ಲ."

ನಾಲಗೆ ತುದಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡು ಕವಿತ ಇನ್ನೊಂದು ಎಲೆ ಅವನ ಕೈಗಿಟ್ಟಳು. ಅವನು ಒರೆಸುತ್ತಾ ಹೋದ, ಹೇಳುತ್ತಾ ಹೋದ. ಹೊರೆ ಮುಗಿಯುವವರೆಗೂ ಹೇಳಿದ.

ಅವಳು ಹೊರಗೆ ಬಂದರೆ ಪೆದ್ದಮ್ಮ ಇನ್ನೂ ಜಗಲಿಯಲ್ಲೇ ಕಾದಿದ್ದಳು. "ಬಾಯಿ ಬಿಟ್ನೇನೇ? ಏನಂದ?"

"ಒದ್ದೆ ಸೊಪ್ಪು ತಂದೆ ಅಂತ ಚೆನ್ನಾಗಿ ಬೈದ್ರು ಪೆದ್ದಮ್ಮ."

"ಅಷ್ಟೇನಾ!"

ಕವಿತ ಕಣ್ಣೊರೆಸಿಕೊಂಡು ನಕ್ಕಳು. ಕುಡುಗೋಲು ತೆಗೆದುಕೊಂಡು ಮತ್ತೆ ತೋಟಕ್ಕಿಳಿದಳು. ಬಿಸಿಲಿಗೆ ಒಣಗಿದ್ದ ಸಾಲುಗಳನ್ನು ಬಿಟ್ಟು, ಬೇಲಿಯ ನೆರಳಿನಲ್ಲಿ ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ಗಿಡಗಳ ಕಡೆಗೇ ನಡೆದಳು.