ಅಮ್ಮನ ಹೆಬ್ಬೆರಳು

ವಿಡಿಯೊ ಕರೆಯಲ್ಲಿ ಮಗಳು ಏನೋ ಗೊಣಗಿದಳು. ಟೀಚರಮ್ಮನ ಅಂಗೈ ತಾನಾಗಿ ಕಿವಿಯ ಹಿಂದೆ ಹೋಯಿತು. ಪರದೇಶದಲ್ಲಿದ್ದುಕೊಂಡು ಅಲ್ಲಿನ ಹೋಟೆಲ್ ಕೆಲಸದವರಿಗೆ ಇಂಗ್ಲಿಷ್ ಕಲಿಸುತ್ತಾ ಬಂದ ಅಭ್ಯಾಸ ಅದು. ಕಿವಿಗೆ ಕೈ ಇಟ್ಟರೆ ‘ಇನ್ನೊಮ್ಮೆ ಹೇಳಿ’, ಹೆಬ್ಬೆರಳು ಎತ್ತಿದರೆ ‘ಚೆನ್ನಾಗಿ ಹೇಳಿದಿರಿ’.

“ಪೂರ್ತಿ ವಾಕ್ಯದಲ್ಲಿ ಹೇಳು, ಪುಟ್ಟಿ.”

“ನಾನೇನು ನಿನ್ನ ಸ್ಟೂಡೆಂಟಾ?” ಮಗಳು ಮೂಗು ಒರೆಸಿಕೊಂಡು, ಒಂದೊಂದೇ ಪದ ಬಿಡಿಸಿ ಹೇಳಿದಳು. “ಅಮ್ಮಾ, ನೀನು ಈ ತಿಂಗಳೇ ಮನೆಗೆ ಬಂದುಬಿಡು.”

ಟೀಚರಮ್ಮನ ಹೆಬ್ಬೆರಳು ಮೇಲೆದ್ದಿತು.

“ಅಜ್ಜೀ! ಅಮ್ಮ ಬರ್ತಾಳಂತೆ!”

“ಸುಮ್ನಿರೇ, ಯಾರು ಹೇಳಿದ್ದು?”

“ಅವಳೇ! ಬೆರಳೆತ್ತಿ ತೋರಿಸಿದ್ಳು!” ಮಗಳು ಫೋನು ಬಿಟ್ಟು ಕುಣಿಯುತ್ತಾ ಓಡಿದಳು.

ಕೆಲಸದ ಒಪ್ಪಂದ ಮುಗಿಯಲು ಇನ್ನೂ ಎರಡು ವರ್ಷವಿತ್ತು. ಎತ್ತಿದ ಬೆರಳನ್ನು ಮಡಚುವುದೋ ಬೇಡವೋ ತಿಳಿಯದೆ, ಪರದೆಯಲ್ಲಿ ಕಾಣುತ್ತಿದ್ದ ಮನೆಯ ಸೂರನ್ನೇ ಅವಳು ನೋಡುತ್ತಾ ಕುಳಿತಳು.